ನಾಲ್ಕನೆಯ ಪ್ರಶ್ನೆ

ಮಾರ್ಚ್ 3

ದಾಖಲೆವೀರರಿಗೆ ಸಾಷ್ಟಾಂಗ ನಮಸ್ಕಾರ!

ಪರದೆ ಏಳುವ ಮುಂಚೆ ಬಂದವರು ಯಾರು ಅಂತ ಹೇಳಿಬಿಡಬೇಕು, ಇಲ್ಲದಿದ್ದರೆ ಹಿಂದಿನ ಬೆಂಚಿನವರು ಸೀಟಿ ಹೊಡೆಯುತ್ತಾರೆ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ವಯಸ್ಸು ಐವತ್ತೊಂದು. ಹುಟ್ಟಿದ್ದು ಅಪ್ಪನ ನಾಟಕದ ಕಂಪನಿಯಲ್ಲಿ, ಬೆಳೆದದ್ದು ವೇಷದ ಟ್ರಂಕುಗಳ ನಡುವೆ. ಮೈಕು ಇಲ್ಲದ ಕಾಲ. ಕೊನೆಯ ಸಾಲಿಗೆ ಕೇಳುವ ಹಾಗೆ ಮಾತಾಡುವ ರೋಗ ಆಗ ಅಂಟಿದ್ದು, ಇನ್ನೂ ವಾಸಿಯಾಗಿಲ್ಲ. ಕಾಗದದಲ್ಲೂ ಕೂಗುತ್ತೇನೆ. ಕಿವಿ ಮುಚ್ಚಿಕೊಂಡು ಓದಿ.

ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ದರ್ಜಿ. ಅವರ ಅಪ್ಪನ ಕಾಲದಿಂದ ಅಂಗಡಿಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಒಂದು ಕಬ್ಬಿಣದ ಮುದ್ದೆ ಇಡುತ್ತಿದ್ದರು. ಹೋದ ವರ್ಷ ಅದರ ಮೇಲೆ ಎಡವಿ ನನ್ನ ಕಾಲ್ಬೆರಳಿನ ಉಗುರು ಹೋಯಿತು. ಸಿಟ್ಟಿನಿಂದ ಎತ್ತಿ ಎಸೆಯಲು ಹೋದೆ, ಎತ್ತಿದಾಗ ಒಳಗೆ ಏನೋ ಸುತ್ತಿತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದರೆ, ಓಹೋ! ನೂರಿಪ್ಪತ್ತೈದು ಸಿಸಿಯ ಹಳೇ ಮೋಟರ್ ಸೈಕಲ್ ಎಂಜಿನ್ನು, ಕಬ್ಬಿಣದ ಸಿಲಿಂಡರಿನದು. ನೀವು ಉಪ್ಪಿನ ಬಯಲಲ್ಲಿ ಓಡಿಸಿದ ಅದೇ ಜಾತಿ, ಅದೇ ಮಾದರಿ.

ವೇಗ ಸಂಘದವರ ಪುಸ್ತಕ ತರಿಸಿ ನೋಡಿದೆ. ಆ ವರ್ಗದಲ್ಲಿ ನಿಮ್ಮ ಹೆಸರು, ಅದರ ಮುಂದೆ ಗಂಟೆಗೆ 141.6 ಕಿಲೋಮೀಟರ್. ಮೂವತ್ತನಾಲ್ಕು ವರ್ಷ ಯಾರೂ ಅಳ್ಳಾಡಿಸಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತು: ಈ ಅಕ್ಟೋಬರಿನ ಓಟವೇ ಈ ವರ್ಗಕ್ಕೆ ಕೊನೆಯದು. ಆಮೇಲೆ ವರ್ಗ ಮುಚ್ಚುತ್ತಾರೆ, ಆ ಹೊತ್ತಿಗೆ ಯಾವ ಅಂಕಿ ಇರುತ್ತದೋ ಅದು ಸೂರ್ಯಚಂದ್ರರಿರುವ ತನಕ.

ಸ್ವಾಮೀ, ಅಪ್ಪನ ಕಂಪನಿಯಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಪರದೆ ಎಳೆದೆ, ಗುಡುಗಿಗೆ ತಗಡು ಅಲ್ಲಾಡಿಸಿದೆ, ರಾಜನ ಕುದುರೆಗೆ ಹಿಂಗಾಲಾದೆ. ಹ್ಯಾಂಡ್‌ಬಿಲ್ಲಿನಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಆ ಪುಸ್ತಕದಲ್ಲಿ ಬರಬೇಕು. ಅಂದರೆ ನಿಮ್ಮದು ಅಳಿಯಬೇಕು. ಶತ್ರುವಿನ ಡೇರೆಗೆ ಹೋಗಿ ಶತ್ರುವನ್ನೇ ಕತ್ತಿ ಸಾಲ ಕೇಳುವ ಹುಂಬತನ ಇದು, ಗೊತ್ತು. ಆದರೆ ಈ ಎಂಜಿನ್ನಿನ ಹೊಟ್ಟೆ ಬಲ್ಲವರು ಬದುಕಿರುವವರಲ್ಲಿ ನೀವೊಬ್ಬರೇ. ನಾಲ್ಕು ಪ್ರಶ್ನೆ ಕೇಳುತ್ತೇನೆ.

ಒಂದು: ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸುತ್ತಿದ್ದಿರಿ? ಎರಡು: ಹೊಗೆ ಕೊಳವೆ ಎಷ್ಟುದ್ದ? ಮೂರು: ಸಿಲಿಂಡರಿನ ಕಿಂಡಿಗಳನ್ನು ಎಷ್ಟು ಎತ್ತರಿಸಿದಿರಿ? ನಾಲ್ಕು: ಸಿಲಿಂಡರಿನ ಬಾಯಿ ಎಷ್ಟು ಅಗಲ ಕೊರೆಸಿದ್ದಿರಿ? ಕಾರ್ಖಾನೆಯ ಅಳತೆ ಐವತ್ತೆರಡು ಮಿಲಿಮೀಟರ್. ನನ್ನದು ತುಕ್ಕು ಹಿಡಿದಿದೆ, ಸ್ವಲ್ಪವಾದರೂ ಕೊರೆಸಲೇಬೇಕು.

ಉತ್ತರಕ್ಕೆ ಕಾದಿರುವ,
ಹೊಲಿಗೆ ಯಂತ್ರದವಳು


ಮಾರ್ಚ್ 29

ಶ್ರೀಮತಿಯವರಿಗೆ,

ಪತ್ರ ತಲುಪಿತು. ನನಗೆ ಎಪ್ಪತ್ತಮೂರು. ನೀರಿನ ಪಂಪಿನ ಮೆಕ್ಯಾನಿಕ್ ಆಗಿದ್ದವನು. ಆ ಓಟದ ನಂತರ ಮೋಟರ್ ಸೈಕಲ್ ಮುಟ್ಟಿಲ್ಲ.

ಎಣ್ಣೆ ಹದಿನಾರಕ್ಕೆ ಒಂದು. ಕೊಳವೆಯ ನಕ್ಷೆ ಹಿಂದಿನ ಪುಟದಲ್ಲಿದೆ. ಕಿಂಡಿಗಳನ್ನು ಒಂದು ಮಿಲಿಮೀಟರಿಗಿಂತ ಹೆಚ್ಚು ಎತ್ತರಿಸಬೇಡಿ. ಅರ ಹಾಕಿ ತೆಗೆದ ಲೋಹ ವಾಪಸ್ ಬರುವುದಿಲ್ಲ.

ಎಂಜಿನ್ ತಯಾರಾದ ಮೇಲೆ ಪೂರ್ತಿ ವೇಗದಲ್ಲಿ ಓಡಿಸಿ, ಆ ವೇಗದಲ್ಲೇ ಕ್ಲಚ್ ಹಿಡಿದು ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ನನಗೆ ಅಂಚೆಯಲ್ಲಿ ಕಳಿಸಿ. ಒಳಗೆ ಏನು ನಡೆಯಿತು ಅಂತ ಪ್ಲಗ್ಗಿನ ಮೂತಿ ಹೇಳುತ್ತದೆ. ಜೊತೆಗೆ ನೀವೂ ಹೇಳಬೇಕೆಂದಿಲ್ಲ.

ಇತಿ,
ಪಂಪಿನವನು


ಏಪ್ರಿಲ್ 24

ಯಜಮಾನರೇ,

ಜಯವಾಗಲಿ! ನಿಮ್ಮ ಹತ್ತು ಸಾಲನ್ನು ನಾನು ಹದಿನೈದು ಸಲ ಓದಿದೆ. ಗಂಡನಿಗೆ ಓದಿ ಹೇಳಿದೆ, ಅವರು ಸೂಜಿಯಿಂದ ಕಣ್ಣೆತ್ತದೆ, "ನಿನ್ನ ಹಾಗಲ್ಲ, ಮಾತಿಗೂ ಬಟ್ಟೆ ಅಳೆದ ಹಾಗೆ ಅಳೆದಿದ್ದಾರೆ" ಅಂದರು.

ಓಡಿಸುವವಳನ್ನು ರಂಗಕ್ಕೆ ಕರೆತರುತ್ತೇನೆ. ನನ್ನ ನಾದಿನಿ, ಗಂಡನ ತಂಗಿ. ಬಸ್ ಡ್ರೈವರ್. ತೂಕ ನಲವತ್ತೇಳು ಕಿಲೋ, ಅದರಲ್ಲಿ ನಾಲಗೆಯೇ ಎರಡು ಕಿಲೋ. ಐವತ್ತು ಜನರನ್ನು ಕೂರಿಸಿಕೊಂಡು ಇಪ್ಪತ್ತು ವರ್ಷ ನಲವತ್ತರಲ್ಲೇ ಓಡಿಸಿದವಳು. "ಅತ್ತಿಗೇ, ಒಂದು ಸಲ ಯಾರೂ ಬೆಲ್ ಹೊಡೆಯದ ರಸ್ತೆಯಲ್ಲಿ ಓಡಿಸಬೇಕು" ಅನ್ನುತ್ತಾಳೆ. ಅಣ್ಣ ಅವಳಿಗೆ ಚರ್ಮದ ಉಡುಪು ಹೊಲಿಯುತ್ತಿದ್ದಾರೆ. ಅಳತೆ ತೆಗೆಯುವಾಗ ಅವರಿಬ್ಬರ ಜಗಳ ಕೇಳಿ ಎದುರು ಅಂಗಡಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು.

ಊರಾಚೆ ಪಾಳುಬಿದ್ದ ವಿಮಾನದ ಪಟ್ಟಿ ಇದೆ. ಎಂಜಿನ್ನನ್ನು ಗುಜರಿಯಲ್ಲಿ ಸಿಕ್ಕ ಗಾಡಿಗೆ ಕೂರಿಸಿ ಅಲ್ಲಿ ಓಡಿಸಿದೆವು. ಎಂಜಿನ್ನು ಕೂಗಿತು! ಮುದುಕ ನಟನಿಗೆ ಹಳೆಯ ಸಂಭಾಷಣೆ ನೆನಪಾದ ಹಾಗೆ, ಮೊದಲು ತೊದಲಿ, ಆಮೇಲೆ ಗಂಟಲು ಬಿಚ್ಚಿ. ಪ್ಲಗ್ ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ.

ನಾಲ್ಕನೆಯ ಪ್ರಶ್ನೆ ಬಿಟ್ಟುಹೋಗಿದೆ, ಪುಟ ತಿರುಗಿಸುವಾಗ ಮರೆತಿರಬೇಕು. ಸಿಲಿಂಡರಿನ ಬಾಯಿಯ ಅಗಲ, ಅದೇ ಬೋರು ಎಷ್ಟು? ಸದ್ಯಕ್ಕೆ ತೆಳುವಾಗಿ ಉಜ್ಜಿ ಹಳೇ ಪಿಸ್ಟನ್ನಿನಲ್ಲೇ ನಡೆಸುತ್ತಿದ್ದೇನೆ.

ಹೊಲಿಗೆಯವಳು


ಮೇ 6

ಶ್ರೀಮತಿಯವರಿಗೆ,

ಪ್ಲಗ್ ಬಂತು. ತೊಳೆದಿದ್ದೀರಿ.

ಸಾಕ್ಷಿಗೆ ಸ್ನಾನ ಮಾಡಿಸಿ, ತಲೆ ಬಾಚಿ ಕೋರ್ಟಿಗೆ ಕಳಿಸಿದ ಹಾಗಾಯಿತು. ಯಾರ ಮನೆಗೂ ಗಲೀಜು ವಸ್ತು ಕಳಿಸಬಾರದು ಎಂಬುದು ಒಳ್ಳೆಯ ಬುದ್ಧಿಯೇ. ಈ ಕೆಲಸಕ್ಕೆ ಬೇಡ. ನನಗೆ ಬೇಕಾದದ್ದು ಆ ಗಲೀಜೇ.

ಪಿಂಗಾಣಿಯ ಮೇಲೆ ಕಪ್ಪು ಮಸಿ ಕೂತರೆ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ. ಕಂದು ಬಣ್ಣ ಬಂದರೆ ಸರಿ ಇದೆ. ಬಿಳುಚಿಕೊಂಡರೆ ಸಾಲುತ್ತಿಲ್ಲ. ಬಿಳಿ ನೋಡಲು ಚೆಂದ, ಆದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಓಡುತ್ತಲೇ ನಿಂತುಬಿಡುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ಹಿತ್ತಾಳೆ ತುಂಡು ಇದೆಯಲ್ಲ, ಜೆಟ್ಟು, ಅದನ್ನು ಬದಲಿಸಿ ಇದನ್ನು ಹದಕ್ಕೆ ತರಬೇಕು. ಹೇಗೆ ಅಂತ ಪ್ಲಗ್ ನೋಡದೆ ಹೇಳಲಾರೆ.

ಮತ್ತೆ ಓಡಿಸಿ. ಮುಟ್ಟದೆ ಕಳಿಸಿ.

ಪಂಪಿನವನು


ಜೂನ್ 9

ಯಜಮಾನರೇ,

ನಕ್ಕು ನಕ್ಕು ನಾದಿನಿಗೆ ಬಿಕ್ಕಳಿಕೆ ಬಂತು. "ಅತ್ತಿಗೇ, ಸೋಪು ಹಾಕಿದ್ದೆಯಾ, ಸೀಗೆಪುಡಿಯಾ?" ಅಂತ ಬಸ್ಸಿನ ಕಿಟಕಿಯಿಂದ ಕೂಗುತ್ತಾಳೆ, ಪ್ರಯಾಣಿಕರ ಎದುರಿಗೇ. ತಪ್ಪಾಯಿತು, ಒಪ್ಪಿಕೊಂಡೆ.

ಈ ಸಲದ್ದನ್ನು ತೊಳೆದಿಲ್ಲ, ಒರೆಸಿಲ್ಲ, ಊದಿಯೂ ಇಲ್ಲ. ನಿಮ್ಮ ನಕ್ಷೆಯ ಕೊಳವೆ ಕೂರಿಸಿದ ಮೇಲೆ ನೂರಮೂವತ್ತೊಂದು ಕಿಲೋಮೀಟರ್ ಮುಟ್ಟಿದ್ದೇವೆ! ಕೊಳವೆಯಿಂದ ಹೊರಬಂದ ಸದ್ದಿಗೆ ಪಟ್ಟಿಯಲ್ಲಿ ಮೇಯುತ್ತಿದ್ದ ಕತ್ತೆಯೊಂದು ಎದ್ದು ನಿಂತು ಉತ್ತರ ಕೊಟ್ಟಿತು. ಯಾರು ಅಂತ ಕಂಡೇ ಇಲ್ಲದವಳಿಗೆ, ಅದೂ ನಿಮ್ಮನ್ನೇ ಕೆಡವಲು ಹೊರಟವಳಿಗೆ, ಇಷ್ಟೆಲ್ಲ ಕಲಿಸುತ್ತೀರಲ್ಲ. ಗಂಡನ ಹತ್ತಿರ ಹೇಳಿದೆ: ನಾಟಕದಲ್ಲಿ ಇಂಥ ಪಾತ್ರ ಬರೆದರೆ ಜನ ನಂಬುತ್ತಿರಲಿಲ್ಲ.

ನಿಮ್ಮ ಕಣ್ಣಿಗೆ ತೊಂದರೆ ಆಗದಿರಲಿ ಅಂತ ನಾಲ್ಕನೆಯ ಪ್ರಶ್ನೆಯನ್ನು ಬೇರೆ ಹಾಳೆಯಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದೇನೆ. ಬೋರು ಎಷ್ಟು?

ಹೊಲಿಗೆಯವಳು


ಜೂನ್ 21

ಶ್ರೀಮತಿಯವರಿಗೆ,

ಕಣ್ಣು ಚೆನ್ನಾಗಿದೆ. ದೊಡ್ಡ ಅಕ್ಷರ ಬೇಡ.

ಪ್ಲಗ್ ಒಳ್ಳೆಯ ಕಂದು, ಅಂಚಿನಲ್ಲಿ ಸ್ವಲ್ಪ ಮಸಿ. ಈಗ ಹಾಕಿರುವ ಜೆಟ್ಟಿಗಿಂತ ಒಂದು ಅಳತೆ ಚಿಕ್ಕದು ಹಾಕಿ. ಮೂರು ನಾಲ್ಕು ಕಿಲೋಮೀಟರ್ ಸಿಗುತ್ತದೆ.

ಪಂಪಿನವನು


ಜುಲೈ 15

ಮಾನ್ಯರೇ,

ನಿಮ್ಮ ಮಾತಿನಂತೆ ಚಿಕ್ಕ ಜೆಟ್ಟು ಹಾಕಿದೆ. ಪಟ್ಟಿಯ ಮುಕ್ಕಾಲು ಭಾಗದಲ್ಲಿ ಎಂಜಿನ್ನು ಕಚ್ಚಿಕೊಂಡಿತು. ಪಿಸ್ಟನ್ನು ಇದರೊಂದಿಗೆ ಬಂದಿದೆ. ತೊಳೆದಿಲ್ಲ. ಲೋಹ ಓದುವ ಪಂಡಿತರಲ್ಲವೇ, ಓದಿಕೊಳ್ಳಿ.

ಮೂರು ಸಲ ಬೋರು ಕೇಳಿದೆ, ಮೂರು ಸಲ ನುಂಗಿದಿರಿ. ಮರೆವು ಅಂದುಕೊಂಡೆ, ಕಣ್ಣು ಮಂಜು ಅಂದುಕೊಂಡೆ. ನಾನೆಂಥ ಪೆದ್ದಿ! ನಗುನಗುತ್ತ ಬಂದು ಹಾಲಿನ ಲೋಟ ಕೊಡುವ ಮಂತ್ರಿಯನ್ನು ಹನ್ನೊಂದು ವರ್ಷ ಪರದೆ ಸಂದಿಯಿಂದ ನೋಡಿದವಳು ನಾನು, ಹಾಲು ಕಂಡ ಕೂಡಲೇ ಗುರುತು ಹಿಡಿಯಬೇಕಿತ್ತು. ಅಕ್ಟೋಬರ್ ದಾಟಿದರೆ ನಿಮ್ಮ ಅಂಕಿ ಶಾಶ್ವತ. ಒಂದು ಜೆಟ್ಟಿನಿಂದ ಕೆಲಸ ಮುಗಿಸಿದಿರಿ. ಭಲೇ!

ಇನ್ನು ಬರೆಯುವುದಿಲ್ಲ.


ಜುಲೈ 27

ತಾಯೀ,

ಪಿಸ್ಟನ್ ನೋಡಿದೆ. ಸುತ್ತ ನಾಲ್ಕೂ ಕಡೆ ಗೀರಿದೆ, ತಲೆ ಬಿಳುಚಿದೆ. ಪೆಟ್ರೋಲ್ ಸಾಲದೆ ಪೂರ್ತಿ ವೇಗದಲ್ಲಿ ಕಚ್ಚಿದೆ. ಗೀರು ಮೇಲಿಂದ ಕೆಳಗೆ ನೆಟ್ಟಗಿವೆ, ಕ್ಲಚ್ ಹಿಡಿಯಲು ಸಮಯ ಸಿಕ್ಕಿಲ್ಲ. ಹಾಗೆ ನಿಂತರೆ ಯಾರೂ ಗಾಡಿಯ ಮೇಲೆ ಉಳಿಯುವುದಿಲ್ಲ. ನೀವು ಬರೆದಿಲ್ಲ, ಆದರೆ ನಿಮ್ಮ ನಾದಿನಿ ಬಿದ್ದಿದ್ದಾರೆ. ಹೇಗಿದ್ದಾರೆ? ಮೊದಲು ಅದನ್ನು ಬರೆಯಿರಿ. ಉಳಿದದ್ದು ಆಮೇಲೆ.

ಜೂನಿನಲ್ಲಿ ಬಂದ ಪ್ಲಗ್ ಇನ್ನೂ ನನ್ನ ಮೇಜಿನ ಮೇಲಿದೆ. ಅದರಿಂದ ಒಂದು ಅಳತೆ ಇಳಿಸಿದರೆ ಎಂಜಿನ್ ಇಷ್ಟು ಕಾಯುವುದಿಲ್ಲ. ಎರಡು ಅಳತೆ ಇಳಿದಿದೆ. ಆ ಪ್ಲಗ್ ಯಾವ ಓಟದ್ದು ಅಂತ ನೆನಪು ಮಾಡಿಕೊಳ್ಳಿ.

ಇದನ್ನು ಬರೆದು ಪೆನ್ನು ಕೆಳಗಿಟ್ಟೆ. ಜೆಟ್ಟಿನ ವಿಷಯದಲ್ಲಿ ನಾನು ಮೋಸ ಮಾಡಿಲ್ಲ. ಆದರೆ ನಿಮ್ಮ ಪತ್ರ ಓದಿದಾಗ 'ಇಲ್ಲ' ಅಂತ ತಟ್ಟನೆ ಹೇಳಲು ಬಾಯಿ ಬರಲಿಲ್ಲ. ನನ್ನ ಕೈಯೇ ನನಗೆ ತಿಳಿಯದಂತೆ ಹಾಗೆ ಬರೆಯಿತೇ ಅಂತ ಎರಡು ದಿನ ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಪ್ರಾಮಾಣಿಕನಾದವನಿಗೆ ಆ ಅನುಮಾನ ಬರುವುದಿಲ್ಲ. ಆದ್ದರಿಂದ ನಾಲ್ಕನೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.

ಐವತ್ತನಾಲ್ಕು ಮಿಲಿಮೀಟರ್.

ಲೆಕ್ಕ ಹಾಕಿ ನೋಡಿ. ನೂರಮೂವತ್ತೆರಡು ಸಿಸಿ ದಾಟುತ್ತದೆ. ಮಿತಿ ನೂರಿಪ್ಪತ್ತೈದು.

ಓಟದ ಹಿಂದಿನ ದಿನ ನನ್ನ ಎಂಜಿನ್ ಕೂಡ ಕಚ್ಚಿತು, ನಿಮ್ಮದರ ಹಾಗೇ. ಸಿಲಿಂಡರ್ ಆಳವಾಗಿ ಗೀರಿತ್ತು. ಅಷ್ಟು ದೂರ ಬಂದು ಸುಮ್ಮನೆ ನಿಲ್ಲಲಾರದೆ, ಪಕ್ಕದ ಊರಿನ ಲೇತ್‌ನಲ್ಲಿ ಕೊರೆಸಿ, ಚೀಲದಲ್ಲಿದ್ದ ಬೇರೆ ಮಾದರಿಯ ದಪ್ಪ ಪಿಸ್ಟನ್ ಹಾಕಿದೆ. ದಾಖಲೆಗಲ್ಲ, ಒಮ್ಮೆ ಓಡಿಸಿ ಮನೆಗೆ ಹೋಗೋಣ ಅಂತ. ಆಣೆಗೂ ಹಾಗೇ ಅಂದುಕೊಂಡಿದ್ದೆ. ಅಂಕಿ ಕೂಗಿದರು. ಜನ ಎತ್ತಿಕೊಂಡರು. ನಿಯಮದಂತೆ ತನಿಖೆಯವರು ಎಂಜಿನ್ ಬಿಚ್ಚಿ ಅಳೆಯಬೇಕಿತ್ತು. ಆ ಮನುಷ್ಯ ಬೆನ್ನು ತಟ್ಟಿ, "ನಿನ್ನ ಎಂಜಿನ್ನು ನಾನು ನೋಡದ್ದಾ? ಏಳು, ಚಹಾ ಕುಡಿಯೋಣ" ಅಂದರು. ನಾನು ಎದ್ದು ಹೋಗಿ ಚಹಾ ಕುಡಿದೆ. ಅಷ್ಟೇ ನಾನು ಮಾಡಿದ್ದು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿದ್ದೆ, ಆಮೇಲೆ ಮೂವತ್ತನಾಲ್ಕು ವರ್ಷ ಸುಮ್ಮನಿದ್ದೆ.

ಮಾರ್ಚಿನಲ್ಲಿ ನಿಮ್ಮ ಪತ್ರ ಬಂದಾಗ, ಈಕೆ ನನ್ನನ್ನು ಸೋಲಿಸಿದರೆ ನಾನು ಬಾಯಿ ಬಿಡದೆಯೇ ತಪ್ಪು ಅಳಿದುಹೋಗುತ್ತದೆ ಅಂತ ಆಸೆ ಹುಟ್ಟಿತು. ನಿಮಗೆ ಕಲಿಸಿದ್ದು ಅದಕ್ಕೆ. ದೊಡ್ಡ ಗುಣದಿಂದಲ್ಲ. ನೀವು ನನ್ನನ್ನು ಹೊಗಳಿ ಬರೆದ ಪತ್ರ ನನಗೆ ಪೂರ್ತಿ ಓದಲಾಗಲಿಲ್ಲ.

ಸಂಘಕ್ಕೆ ಬರೆಯುತ್ತೇನೆ. ನಾದಿನಿಯವರ ವಿಷಯ ತಿಳಿಸಿ.

ಪಂಪಿನವನು


ಆಗಸ್ಟ್ 8

ಅಣ್ಣಾ,

ಹೀಗೇ ಕರೆಯುತ್ತೇನೆ, ಬೇಡ ಅನ್ನಬೇಡಿ.

ನಾದಿನಿ ಚೆನ್ನಾಗಿದ್ದಾಳೆ. ಎಡಗಡೆ ಕೊರಳ ಎಲುಬು ಬಿರುಕು ಬಿಟ್ಟಿದೆ. ಆರು ವಾರ ಪಟ್ಟಿ. ಬಸ್ಸಿಲ್ಲ, ಜೋಳಿಗೆಯಲ್ಲಿ ಕೈ ನೇತುಹಾಕಿಕೊಂಡು ಅಂಗಡಿಯಲ್ಲಿ ಕೂತು ಅಣ್ಣನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಿದ್ದಾಳೆ. ಚರ್ಮದ ಉಡುಪು ಅವಳ ಬೆನ್ನು ಉಳಿಸಿತು. ನನ್ನ ಗಂಡ ಆ ದಿನ ಹರಿದ ಉಡುಪನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಬೆಳಿಗ್ಗೆ ನೋಡಿದರೆ ಭುಜಕ್ಕೆ ಎರಡು ಪದರ ಹೆಚ್ಚಿಗೆ ಹೊಲಿದಿದ್ದರು. ಅದೇ ಅವರ ಒಪ್ಪಿಗೆ ಅಂತ ತಿಳಿದೆ. ಬಿದ್ದದ್ದನ್ನು ನಿಮಗೆ ಬರೆಯಲಿಲ್ಲ. ಬರೆದಿದ್ದರೆ ನೀವು ಮರುಗುತ್ತಿದ್ದಿರಿ, ನಿಮ್ಮ ಮರುಕ ನನಗಾಗ ಬೇಡವಾಗಿತ್ತು, ಸಿಟ್ಟು ಬೇಕಾಗಿತ್ತು.

ಈಗ ನನ್ನ ಪಾಪ ಕೇಳಿ. ಜೂನಿನಲ್ಲಿ ಓಡಿಸಿದ್ದು ಒಂದಲ್ಲ, ಮೂರು ಸಲ. ಮೊದಲ ಓಟದ ಪ್ಲಗ್ಗು ಚೆಂದದ ಕಂದು, ಮದುವೆಗೆ ಹೊರಟ ಹುಡುಗಿಯ ಹಾಗಿತ್ತು. ಆಮೇಲೆ ನಾನೇ ಜೆಟ್ಟು ಒಂದು ಅಳತೆ ಇಳಿಸಿದೆ. ಮೂರನೆಯ ಓಟದ್ದು ಜ್ವರ ಬಂದವರ ನಾಲಗೆಯಂತೆ ಬಿಳುಚಿತ್ತು. ನೀವು ಆಗಲೇ ಒಮ್ಮೆ ಬೈದಿದ್ದಿರಿ. ದೊಡ್ಡವರಿಗೆ ಇಂಥ ಮುಖ ತೋರಿಸುವುದು ಹೇಗೆ ಅಂತ ಮೂರರಲ್ಲಿ ಚೆಂದದ್ದನ್ನು ಆರಿಸಿ ಕಳಿಸಿದೆ! ನೀವು ಅದರ ಮುಖ ನೋಡಿ ಒಂದು ಇಳಿಸಿ ಅಂದಿರಿ, ನಾನು ಇಳಿಸಿದ್ದರ ಮೇಲೆ ಇನ್ನೊಂದು ಇಳಿಸಿದೆ. ನಾದಿನಿಯನ್ನು ಕೆಡವಿದ್ದು ನಿಮ್ಮ ಕಪಟ ಅಲ್ಲ, ನನ್ನ ಮರ್ಯಾದೆ.

ಅವಳಿಗೆ ಇದನ್ನು ಹೇಳಿದೆ. "ಅತ್ತಿಗೇ, ನನಗೆ ಗಂಡು ನೋಡಲು ಮಾತ್ರ ನಿನ್ನನ್ನು ಕಳಿಸಬಾರದು. ಚೆಂದದ್ದನ್ನೇ ಆರಿಸಿ ತರುತ್ತೀಯ" ಅಂದಳು.

ಇನ್ನು ನಿಮ್ಮ ವಿಷಯ. ಓದಿ ಮುಗಿಸಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಕೂಗದೆ, ಪಿಸುಮಾತಿನಲ್ಲಿ ಇನ್ನೊಮ್ಮೆ ಓದಿದೆ. ನನ್ನ ಜನ್ಮದಲ್ಲಿ ಮೊದಲ ಸಲ. ಆಸೆಯಿಂದ ಕಲಿಸಿದೆ, ದೊಡ್ಡ ಗುಣದಿಂದಲ್ಲ ಅಂತ ಬರೆದಿದ್ದೀರಿ. ಇರಲಿ. ಅನ್ನ ಹಾಕಿದವರು ಯಾಕೆ ಹಾಕಿದರು ಅಂತ ಹೊಟ್ಟೆ ಕೇಳುವುದಿಲ್ಲ. ಕೊಳವೆಯ ನಕ್ಷೆ ಸುಳ್ಳಲ್ಲ, ಕಿಂಡಿಯ ಮಾತು ಸುಳ್ಳಲ್ಲ. ನಾದಿನಿ ಬಿದ್ದಳು ಅಂತ ಒಂದು ಪಿಸ್ಟನ್ ನೋಡಿ ಕಂಡುಕೊಂಡು, ನಾನು ಅಷ್ಟು ಬೈದ ಮೇಲೂ ಮೊದಲ ಸಾಲಿನಲ್ಲಿ ಅವಳನ್ನು ವಿಚಾರಿಸಿದಿರಲ್ಲ, ಅದೂ ಸುಳ್ಳಲ್ಲ. ನನಗೆ ಅಷ್ಟು ಸಾಕು. ಕೈ ಮುಗಿಯುತ್ತೇನೆ.

ಒಂದೇ ಬೇಡಿಕೆ. ಸಂಘಕ್ಕೆ ಈಗಲೇ ಬರೆಯಬೇಡಿ! ಓಟ ಮುಗಿಯಲಿ. ನಿಮ್ಮ 141.6 ನನ್ನ ಎದುರು ನಿಂತಿರಲಿ. ಎದುರಾಳಿ ಇಲ್ಲದ ರಂಗದಲ್ಲಿ ಗದೆ ಬೀಸಿದರೆ ಗಾಳಿಗೆ ಮಾತ್ರ ಪೆಟ್ಟು.

ನಿಮ್ಮ ತಂಗಿ


ಆಗಸ್ಟ್ 30

ತಂಗೀ,

ನಾದಿನಿಯವರು ಕ್ಷೇಮ ಅಂತ ಓದಿ ಊಟ ಸೇರಿತು.

ಸಂಘಕ್ಕೆ ಕಾಗದ ಹೋಗಿಬಿಟ್ಟಿದೆ. ನಿಮಗೆ ಬರೆದದ್ದನ್ನು ಹಾಕಿದ ದಿನವೇ, ಅದೇ ಡಬ್ಬಿಗೆ ಹಾಕಿದೆ. ಎರಡು ದಿನ ತಡೆದಿದ್ದರೆ ಇನ್ನೂ ಮೂವತ್ತನಾಲ್ಕು ವರ್ಷ ತಡೆಯುತ್ತಿದ್ದೆ. ಉತ್ತರ ಬಂದಿದೆ. ನನ್ನ ಅಂಕಿ ತೆಗೆದರು. ಈಗ ಪುಸ್ತಕದಲ್ಲಿರುವುದು ನನಗಿಂತ ಹಿಂದಿನದು, 127.3.

ಹೆಂಡತಿಗೂ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಗೋಡೆಯ ಮೇಲಿದ್ದ ದಾಖಲೆಯ ಫಲಕ ಇಳಿಸಿ ನನ್ನ ಮುಂದಿಟ್ಟು, "ಓಡಿಸಿದ್ದು ನೀವು ಒಂದು ದಿನ. ಇದರ ಧೂಳು ಒರೆಸಿದ್ದು ನಾನು ಮೂವತ್ತನಾಲ್ಕು ವರ್ಷ. ನನಗೆ ಯಾರು ಕೊಡುತ್ತಾರೆ ಫಲಕ?" ಅಂದಳು. ಮಧ್ಯಾಹ್ನ ಚಹಾ ತಂದು ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ಸುಮ್ಮನೆ ಕುಡಿದೆ.

ಇದರೊಂದಿಗೆ ಒಂದು ಪಿಸ್ಟನ್ ಕಳಿಸಿದ್ದೇನೆ. ಐವತ್ತೆರಡೂಕಾಲು ಮಿಲಿಮೀಟರ್. ಇದಕ್ಕೆ ಸರಿಯಾಗಿ ಕೊರೆಸಿದರೆ ನೂರಿಪ್ಪತ್ತನಾಲ್ಕು ಚಿಲ್ಲರೆ ಸಿಸಿ, ಮಿತಿಯ ಒಳಗೆ. ಅಂದು ನಾನು ಕಾರ್ಖಾನೆಗೆ ಬರೆದು ತರಿಸಿದ್ದು ಇದನ್ನೇ. ಓಟ ಮುಗಿದು ಎಂಟು ದಿನಕ್ಕೆ ಬಂತು. ಎಣ್ಣೆ ಕಾಗದ ಬಿಚ್ಚಿಲ್ಲ. ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಎಸೆಯಲೂ ಆಗದೆ, ನೋಡಲೂ ಆಗದೆ ಪಂಪಿನ ಸಾಮಾನಿನ ಕೆಳಗೆ ಇಟ್ಟಿದ್ದೆ.

ಒಂದು ಎಚ್ಚರಿಕೆ. ಉಪ್ಪಿನ ಬಯಲು ತಗ್ಗಿನಲ್ಲಿದೆ, ಬೆಳಗಿನ ಗಾಳಿ ತಂಪು ಮತ್ತು ದಟ್ಟ. ಅಲ್ಲಿ ಒಂದು ಅಳತೆ ದೊಡ್ಡ ಜೆಟ್ಟು ಹಾಕಿ. ಸ್ವಲ್ಪ ಮಸಿ ಕೂತರೆ ಕೂರಲಿ. ಅಂಕಿ ಹೋದರೆ ಹೋಗಲಿ, ಆ ಹುಡುಗಿ ಗಾಡಿಯ ಮೇಲೇ ಇರಬೇಕು.

ಅಣ್ಣ


ಅಕ್ಟೋಬರ್ 11

ಅಣ್ಣಾ, ಅತ್ತಿಗೆಯವರೇ,

ಇಬ್ಬರೂ ಕೂತು ಓದಿ. ಅತ್ತಿಗೆಯವರಿಗೆ ಮುಂದಿನ ಸಾಲಿನ ಕುರ್ಚಿ.

ಬಿಳಿ ನೆಲ, ಬಿಳಿ ಆಕಾಶ, ನಡುವೆ ಒಂದು ಕಪ್ಪು ಗೆರೆ. ಇಂಥ ರಂಗಸಜ್ಜಿಕೆ ಯಾವ ಕಂಪನಿಯಲ್ಲೂ ನಾನು ಕಂಡಿರಲಿಲ್ಲ. ಕೊನೆಯ ಓಟ ಅಂತ ಜನ ಬಂದಿರುತ್ತಾರೆ ಅಂದುಕೊಂಡಿದ್ದೆ. ನಮ್ಮ ವರ್ಗಕ್ಕೆ ಬಂದವರು ನಾವೊಬ್ಬರೇ. ಪ್ರೇಕ್ಷಕರು ನಲವತ್ತು ಜನ, ಅದರಲ್ಲಿ ಅರ್ಧ ನೆರಳು ಹುಡುಕುತ್ತಿದ್ದರು. ಖಾಲಿ ಬೆಂಚಿಗೆ ಆಡಿ ಅಭ್ಯಾಸ ಇದೆ ನನಗೆ.

ನಾದಿನಿಗೆ ಉಡುಪಿನ ಗುಂಡಿ ಹಾಕುವಾಗ ಗಂಡ ಒಂದೊಂದನ್ನೂ ಎರಡೆರಡು ಸಲ ಎಳೆದು ನೋಡಿದರು. ಅವಳು, "ಅಣ್ಣಾ, ಬಸ್ಸು ಹೊರಡುವ ಹೊತ್ತಾಯಿತು, ಇಳಿಯುವವರು ಇಳಿಯಿರಿ" ಅಂದು ಹೊರಟೇಬಿಟ್ಟಳು.

ನಿಮ್ಮ ಮಾತಿನಂತೆ ದೊಡ್ಡ ಜೆಟ್ಟು ಹಾಕಿದ್ದೆ. ಚಿಕ್ಕದು ಜೇಬಿನಲ್ಲೇ ಇತ್ತು, ಕೈ ಎರಡು ಸಲ ಅಲ್ಲಿಗೆ ಹೋಯಿತು, ಮುಚ್ಚಿಡುವುದಿಲ್ಲ. ಹೋಗುವ ಓಟ 142.7. ಕೂಗಿದ ಕೂಗಿಗೆ ನನ್ನ ಹೆಗಲ ಮೇಲಿದ್ದ ಟವೆಲ್ಲು ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ಒಂದು ಗಂಟೆಯೊಳಗೆ ಎದುರು ದಿಕ್ಕಿನಿಂದ ಮತ್ತೆ ಓಡಬೇಕು, ಎರಡರ ಸರಾಸರಿಯೇ ಲೆಕ್ಕ. ಅಷ್ಟರಲ್ಲಿ ಗಾಳಿ ತಿರುಗಿತು. ವಾಪಸ್ ಓಟ 139.9. ಎರಡನ್ನೂ ಕೂಡಿಸಿ ಭಾಗಿಸಿದರೆ 141.3.

ನಿಮ್ಮ ಅಂಕಿಗೆ ಶೂನ್ಯ ದಶಮಾಂಶ ಮೂರು ಕಡಿಮೆ, ಅಣ್ಣಾ.

ಎಂಜಿನ್ನು ಬಿಚ್ಚಿ ಅಳೆಯುವ ಹೊತ್ತಿಗೆ ತನಿಖೆಯವರೊಬ್ಬರು, "ಒಬ್ಬರೇ ಇದ್ದೀರಿ, ಹಿಂದಿನ ಅಂಕಿಗಿಂತ ಹದಿನಾಲ್ಕು ಕಿಲೋಮೀಟರ್ ಮುಂದಿದ್ದೀರಿ, ಬಿಚ್ಚುವುದೇನು ಬಿಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಬಯಲಲ್ಲಿ ನಾನು ಮಾತಾಡುವುದಕ್ಕೆ ಮುಂಚೆ ನನ್ನ ಗಂಡ ಎದ್ದರು. ಜನರ ಎದುರು ಒಂದು ವಾಕ್ಯ ಆಡದ ಮನುಷ್ಯ. "ಅಳೆಯಿರಿ. ಅಳೆಯದೆ ನಾನು ಒಂದು ಅಂಗಿಯನ್ನೂ ಕೊಡುವುದಿಲ್ಲ" ಅಂದರು. ಅಳೆದರು. ಐವತ್ತೆರಡೂಕಾಲು, ನಿಮ್ಮ ಪಿಸ್ಟನ್ನು. ನೂರಿಪ್ಪತ್ತನಾಲ್ಕು ದಶಮಾಂಶ ನಾಲ್ಕು ಸಿಸಿ. ಪುಸ್ತಕದಲ್ಲಿ ಬರೆದರು: ಓಡಿಸಿದವಳು ನಾದಿನಿ, ಕಟ್ಟಿದವಳು ನಾನು. ಹೆಸರು, ಪೂರ್ತಿ ಹೆಸರು, ಶಾಯಿಯಲ್ಲಿ. ಬೆರಳಿನಿಂದ ಮುಟ್ಟಲು ಹೋದೆ, ಹಸಿ ಇದೆ ಅಂತ ಗದರಿದರು.

ನೀವು ಆ ಕಾಗದವನ್ನು ಡಬ್ಬಿಗೆ ಹಾಕದಿದ್ದರೆ, ನಾನು ಬೇಡಿದ ಹಾಗೆ ಸುಮ್ಮನಿದ್ದಿದ್ದರೆ, ನಾವು ಶೂನ್ಯ ದಶಮಾಂಶ ಮೂರರಿಂದ ಸೋತು ಉಪ್ಪು ಜಾಡಿಸಿಕೊಂಡು ಮನೆಗೆ ಬರುತ್ತಿದ್ದೆವು. ಚಿಕ್ಕ ಜೆಟ್ಟು ಹಾಕಿದ್ದರೆ ಗೆಲ್ಲುತ್ತಿದ್ದೆವೋ ಏನೋ. ಅಥವಾ ನನ್ನ ನಾದಿನಿ ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರಲಿಲ್ಲವೋ. ನಿಮ್ಮ ಋಣ ಅಂತ ದೊಡ್ಡ ಮಾತು ಬರೆಯಲು ಹೊರಟೆ, ಮೂರು ಹಾಳೆ ಹರಿದೆ. ನನ್ನ ಹತ್ತಿರ ಇರುವ ದೊಡ್ಡ ಮಾತೆಲ್ಲ ರಾಜರಿಗೆ, ರಾಕ್ಷಸರಿಗೆ ಬರೆದದ್ದು. ನಿಮಗೆ ಹೊಂದುವುದಿಲ್ಲ.

ಚೆನ್ನಾಗಿರಿ ಅಣ್ಣಾ.

ತಂಗಿ


ಅಕ್ಟೋಬರ್ 24

ತಂಗೀ,

ಪತ್ರವನ್ನು ಮನೆಯವಳು ಗಟ್ಟಿಯಾಗಿ ಓದಿದಳು. ದರ್ಜಿಯವರು ಎದ್ದು ನಿಂತ ಸಾಲಿಗೆ ಬಂದು ನಿಲ್ಲಿಸಿ, "ಇಂಥವರು ಆ ದಿನ ನಿಮ್ಮ ಪಕ್ಕದಲ್ಲಿ ಇರಬೇಕಿತ್ತು" ಅಂದಳು. ಹೌದು ಅಂದೆ. ಚಹಾಕ್ಕೆ ಸಕ್ಕರೆ ಮರಳಿದೆ.

ನಿನ್ನೆ ಕ್ಷೌರಕ್ಕೆ ಹೋಗಿದ್ದೆ. ಆ ಅಂಗಡಿಯವನು ಹೊಸ ಗಿರಾಕಿ ಬಂದರೆ ನನ್ನನ್ನು ತೋರಿಸಿ, "ಇವರು ಯಾರು ಗೊತ್ತಾ? ನೂರನಲವತ್ತೊಂದು!" ಅನ್ನುವುದು ವಾಡಿಕೆ. ಪ್ರತಿ ತಿಂಗಳೂ ಆ ಕುರ್ಚಿಯಲ್ಲಿ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಜನ ಅದನ್ನು ವಿನಯ ಅನ್ನುತ್ತಿದ್ದರು. ನಿನ್ನೆಯೂ ಶುರು ಮಾಡಿದ. ನಾನು ಕಣ್ಣು ತೆರೆದು, "ಅದು ನನ್ನದಲ್ಲಪ್ಪ, ತೆಗೆದುಹಾಕಿದ್ದಾರೆ. ಈಗಿನದು ಒಬ್ಬ ಬಸ್ ಡ್ರೈವರಮ್ಮನದು. ಎಂಜಿನ್ ಕಟ್ಟಿದ್ದು ನನ್ನ ತಂಗಿ" ಅಂದೆ.

"ನಿಮಗೆ ತಂಗಿ ಯಾವಾಗ ಹುಟ್ಟಿದಳು ಅಜ್ಜಾ?" ಅಂದ.

ಹೇಳಿದೆ. ಐವತ್ತನಾಲ್ಕು ಮಿಲಿಮೀಟರಿನಿಂದ ಹಿಡಿದು ನೀವು ಸ್ನಾನ ಮಾಡಿಸಿದ ಪ್ಲಗ್ಗಿನವರೆಗೆ, ಒಂದೂ ಬಿಡದೆ. ಕತ್ತರಿ ಗಾಳಿಯಲ್ಲೇ ನಿಂತಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದವರು ಪೇಪರ್ ಕೆಳಗಿಟ್ಟರು. ಕಥೆ ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು, ನನಗಲ್ಲ, ನಿಮ್ಮ ನಾದಿನಿಗೆ. ನಾನೂ ತಟ್ಟಿದೆ.

ಎಲ್ಲರಿಗೂ ಕೈ ಮುಗಿದು, ಎದೆ ಹಗುರಾಗಿ, ಮೂರು ಬೀದಿ ದಾಟಿ ಮನೆಗೆ ಬಂದೆ. ಬಾಗಿಲು ತೆಗೆದ ಹೆಂಡತಿ ನನ್ನನ್ನು ನೋಡಿ ಕದಕ್ಕೆ ಒರಗಿ ನಗತೊಡಗಿದಳು. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಕ್ಷೌರ ಅರ್ಧವೇ ಆಗಿತ್ತು. ಅವನೂ ಮರೆತಿದ್ದ, ನಾನೂ ಮರೆತಿದ್ದೆ.

ಅಣ್ಣ